ಲಾಂಗ್ ಬ್ಯಾರೋ: ಇಂಗ್ಲೆಂಡಿನ ನವಶಿಲಾಯುಗದ ಸಮಾಧಿ ದಿಬ್ಬಗಳು ಮತ್ತು ಅವುಗಳ ರಕ್ಷಣೆ – ಪದೇ ಪದೇ ಕೇಳುವ ಪ್ರಶ್ನೆಗಳು

ಲಾಂಗ್ ಬ್ಯಾರೋ ಎಂದರೇನು?

ಇಂಗ್ಲೆಂಡಿನ ಮೊದಲ ಬೇಸಾಯಗಾರರು ಕಟ್ಟಿದ ಉದ್ದನೆಯ ಸಮಾಧಿ ದಿಬ್ಬ. ಕಾಲ ನವಶಿಲಾಯುಗದ ಆರಂಭ, ಅಂದರೆ ಸುಮಾರು ಕ್ರಿ.ಪೂ. 3800ರಿಂದ 3400ರ ನಡುವೆ. ಸ್ಟೋನ್‌ಹೆಂಜಿನ ದೊಡ್ಡ ಕಲ್ಲುಗಳನ್ನು ನಿಲ್ಲಿಸುವ ಹೊತ್ತಿಗೆ ಈ ದಿಬ್ಬಗಳಿಗೆ ಆಗಲೇ ಸಾವಿರ ವರ್ಷ ತುಂಬಿತ್ತು. ಕೆಲವು 20 ಮೀಟರ್ ಉದ್ದದವು, ಕೆಲವು 100 ಮೀಟರ್ ದಾಟುತ್ತವೆ. ಒಂದು ತುದಿ ಅಗಲ ಮತ್ತು ಎತ್ತರ, ಇನ್ನೊಂದು ತುದಿ ಕಿರಿದು ಮತ್ತು ತಗ್ಗು. ಅಗಲವಾದ ತುದಿ ಬಹುಪಾಲು ಪೂರ್ವಕ್ಕೋ ಆಗ್ನೇಯಕ್ಕೋ ಮುಖ ಮಾಡಿರುತ್ತದೆ. ದಿಬ್ಬದ ಎರಡೂ ಪಕ್ಕದಲ್ಲಿ ಅದರ ಉದ್ದಕ್ಕೂ ಕಂದಕಗಳಿರುವುದು ಸಾಮಾನ್ಯ. ದಿಬ್ಬಕ್ಕೆ ಬೇಕಾದ ಮಣ್ಣು, ಸೀಮೆಸುಣ್ಣದ ಹೆಂಟೆ ಬಂದದ್ದು ಅಲ್ಲಿಂದಲೇ. ಇಂಗ್ಲೆಂಡಿನಲ್ಲಿ ಇಂಥ ಸುಮಾರು 500 ದಿಬ್ಬಗಳು ದಾಖಲಾಗಿವೆ.

ಎಲ್ಲದರ ಒಳಗೂ ಕಲ್ಲಿನ ಕೋಣೆ ಇರುತ್ತದೆಯೇ?

ಇಲ್ಲ. ಕಲ್ಲು ಸಿಗುವ ಕಾಟ್ಸ್‌ವೋಲ್ಡ್ಸ್ ಮತ್ತು ಸೆವರ್ನ್ ನದಿಯ ಸೀಮೆಯಲ್ಲಿ ದೊಡ್ಡ ಚಪ್ಪಡಿ ನಿಲ್ಲಿಸಿ, ನಡುವೆ ಗಾರೆಯಿಲ್ಲದೆ ಸಣ್ಣ ಕಲ್ಲು ಪೇರಿಸಿ ಕೋಣೆ ಕಟ್ಟಿದರು. ಕಲ್ಲು ಕಡಿಮೆಯಿರುವ ಸೀಮೆಸುಣ್ಣದ ನೆಲದಲ್ಲಿ ಕೋಣೆಯನ್ನು ಮರದಲ್ಲಿ ಮಾಡಿದರು. 1957ರಲ್ಲಿ ಪಾಲ್ ಆ್ಯಶ್‌ಬಿ ಉತ್ಖನನ ಮಾಡಿದ ವಿಲ್ಟ್‌ಶೈರಿನ ಫಸೆಲ್ಸ್ ಲಾಡ್ಜ್ ಈ ಎರಡನೆಯ ಬಗೆಯದು. ಮರ ಕೊಳೆತು ಹೋದ ಮೇಲೆ ಉಳಿಯುವುದು ಮಣ್ಣಿನಲ್ಲಿ ಕಂಬದ ಗುಂಡಿಯ ಬಣ್ಣ ಮಾತ್ರ. ಕೇಂಬ್ರಿಜ್‌ಶೈರಿನ ಹ್ಯಾಡನ್‌ಹ್ಯಾಮ್‌ನಲ್ಲಿ ಮಾತ್ರ ಜೌಗು ನೆಲದ ತೇವದಿಂದಾಗಿ ಓಕ್ ಮರದ ಕೋಣೆಯೇ ಉಳಿದುಕೊಂಡಿತ್ತು.

ಎರಡೂ ಬಗೆ ಒಂದೇ ಜಾಗದಲ್ಲಿ ಇದ್ದದ್ದು ಆಕ್ಸ್‌ಫರ್ಡ್‌ಶೈರಿನ ವೇಲ್ಯಾಂಡ್ಸ್ ಸ್ಮಿದಿಯಲ್ಲಿ. ಮೊದಲು ಅಲ್ಲಿ ಮರದ ಕೋಣೆಯಿದ್ದ ಸಣ್ಣ ಅಂಡಾಕಾರದ ದಿಬ್ಬವಿತ್ತು, ಅದರಲ್ಲಿ 14 ಜನರ ಅವಶೇಷ. ಸುಮಾರು ನೂರು ವರ್ಷದ ನಂತರ ಅದನ್ನು ಪೂರ್ತಿ ಮುಚ್ಚಿ, ಮೇಲೆ 56 ಮೀಟರ್ ಉದ್ದದ ಕಲ್ಲುಕೋಣೆಯ ದಿಬ್ಬ ಕಟ್ಟಿದರು. ಇವತ್ತು ಹೋದವರಿಗೆ ಕಾಣುವುದು ಎರಡನೆಯದು. ಮೊದಲನೆಯದು 1962–63ರ ಉತ್ಖನನದಲ್ಲಿ ಗೊತ್ತಾಯಿತು.

ಪ್ರತಿಯೊಂದರಲ್ಲೂ ಹೆಣ ಹೂಳಿದ್ದರೇ?

ಅದೂ ಇಲ್ಲ. ವಿಲ್ಟ್‌ಶೈರಿನಲ್ಲಿ ನಿಲುಗಲ್ಲುಗಳ ವೃತ್ತವಿರುವ ಏವ್‌ಬರಿಯ ಹತ್ತಿರದ ಸೌತ್ ಸ್ಟ್ರೀಟ್ ದಿಬ್ಬವನ್ನು 1960ರ ದಶಕದಲ್ಲಿ ಅಗೆದಾಗ ಒಂದು ಸಮಾಧಿಯೂ ಸಿಗಲಿಲ್ಲ. ಸಿಕ್ಕಿದ್ದು ಹೆಣೆದ ತಡಿಕೆಗಳಿಂದ ಅಂಕಣ ಅಂಕಣವಾಗಿ ಭಾಗ ಮಾಡಿ ತುಂಬಿದ ದಿಬ್ಬ. ಅದರ ಅಡಿಯಲ್ಲಿ ಹಳೆಯ ನೆಲ, ಆ ನೆಲದ ಮೇಲೆ ಒಂದಕ್ಕೊಂದು ಅಡ್ಡಡ್ಡ ಹೋದ ನೇಗಿಲ ಗೆರೆಗಳು! ಐದು ಸಾವಿರ ವರ್ಷಕ್ಕೂ ಹಿಂದೆ ಉತ್ತ ಗೆರೆಗಳು ಉಳಿದದ್ದು ದಿಬ್ಬ ಅವನ್ನು ಮುಚ್ಚಿಕೊಂಡಿದ್ದರಿಂದ. ಅದೇ ಮಣ್ಣಿನಲ್ಲಿದ್ದ ಬಸವನಹುಳುವಿನ ಚಿಪ್ಪುಗಳನ್ನು ಎಣಿಸಿ, ಆ ಜಾಗ ಯಾವಾಗ ಕಾಡಾಗಿತ್ತು, ಯಾವಾಗ ಬಯಲಾಯಿತು ಎಂದು ಹೇಳಲು ಸಾಧ್ಯವಾಯಿತು. ನೆರಳಿಗೆ ಒಗ್ಗುವ ಜಾತಿಗಳೇ ಬೇರೆ, ಬಿಸಿಲ ಬಯಲಿಗೆ ಒಗ್ಗುವವೇ ಬೇರೆ.

ಲಾಂಗ್ ಬ್ಯಾರೋವನ್ನು ಬರೀ ಎಲುಬಿನ ಗೂಡು ಎಂದು ನೋಡುವವರು ಇಲ್ಲಿ ಎಡವುತ್ತಾರೆ. ಕೋಣೆ ಬರಿದಾಗಿದ್ದರೂ, ಕಲ್ಲು ಯಾರೋ ಹೊತ್ತೊಯ್ದಿದ್ದರೂ ದಿಬ್ಬದ ಮಣ್ಣಿನ ಪದರ, ಕಂದಕದ ಹೂಳು, ಅಡಿಯ ಹಳೆಯ ನೆಲ ಈ ಮೂರೂ ಕದಲದೆ ಇದ್ದರೆ ಸ್ಮಾರಕ ಇನ್ನೂ ಮಾತಾಡುತ್ತದೆ. ಮುಂದೆ ಬರುವ ಕಾನೂನಿನ ಮಾತೆಲ್ಲ ಈ ಮೂರನ್ನು ಕದಲದಂತೆ ಕಾಯುವುದಕ್ಕಾಗಿಯೇ ಇದೆ.

ಒಳಗೆ ಇದ್ದವರು ಯಾರು?

ಗ್ಲಾಸ್ಟರ್‌ಶೈರಿನ ಹೇಜಲ್ಟನ್ ನಾರ್ತ್ ದಿಬ್ಬ ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಕೊಟ್ಟಿದೆ. ಉಳುಮೆಯಿಂದ ಸವೆಯುತ್ತಿದ್ದ ಅದನ್ನು ಅಲನ್ ಸ್ಯಾವಿಲ್ 1979ರಿಂದ 1982ರವರೆಗೆ ಪೂರ್ತಿ ಉತ್ಖನನ ಮಾಡಿದರು. ಅಲ್ಲಿನ 35 ಜನರ ಡಿಎನ್‌ಎ ಫಲಿತಾಂಶ 2021ರ ಕೊನೆಯಲ್ಲಿ ಪ್ರಕಟವಾಯಿತು: ಅವರಲ್ಲಿ 27 ಮಂದಿ ಒಂದೇ ವಂಶದ ಐದು ತಲೆಮಾರಿನವರು. ಮೂಲಪುರುಷ ಒಬ್ಬ, ಅವನಿಂದ ಮಕ್ಕಳನ್ನು ಪಡೆದ ಹೆಂಗಸರು ನಾಲ್ವರು. ವಂಶ ಗಂಡಿನ ಕಡೆಯಿಂದ ಸಾಗಿದೆ. ಆದರೆ ಯಾರನ್ನು ಉತ್ತರದ ಕೋಣೆಯಲ್ಲಿಡಬೇಕು, ಯಾರನ್ನು ದಕ್ಷಿಣದ ಕೋಣೆಯಲ್ಲಿಡಬೇಕು ಎನ್ನುವುದು ಆ ನಾಲ್ವರಲ್ಲಿ ಯಾವ ತಾಯಿಯ ಸಂತತಿ ಎನ್ನುವುದರ ಮೇಲೆ ಬಹುಮಟ್ಟಿಗೆ ನಿಂತಿತ್ತು. ಗಂಡಸರ ಮಲಮಕ್ಕಳನ್ನೂ ಅಲ್ಲಿ ಸೇರಿಸಿಕೊಂಡಂತೆ ಕಾಣುತ್ತದೆ. ತಾಯಿ ವಂಶದೊಳಗೆ ಬಂದವಳು, ತಂದೆ ಹೊರಗಿನವನು.

ಎಲುಬುಗಳು ಇಡೀ ದೇಹವಾಗಿ ಸಿಗುವುದು ಅಪರೂಪ. ಒಬ್ಬರದು ಇನ್ನೊಬ್ಬರದರ ಜೊತೆ ಬೆರೆತಿರುತ್ತದೆ, ಒಂದು ಕಡೆ ಸರಿಸಿರುತ್ತಾರೆ. ಎಲ್ಲರ ಸಾವೂ ಸಹಜವಲ್ಲ. ಆ್ಯಸ್ಕಟ್-ಅಂಡರ್-ವಿಚ್‌ವುಡ್ ದಿಬ್ಬದಲ್ಲಿ ಒಬ್ಬರ ಬೆನ್ನುಮೂಳೆಯಲ್ಲಿ ಬಾಣದ ಮೊನೆ ನೆಟ್ಟೇ ಇತ್ತು.

ಇವನ್ನು ಶತಮಾನಗಟ್ಟಲೆ ಬಳಸುತ್ತಿದ್ದರೇ?

ಹಿಂದೆ ಹಾಗೆಂದೇ ತಿಳಿದಿದ್ದರು. 2007ರಲ್ಲಿ ಐದು ದಿಬ್ಬಗಳ ರೇಡಿಯೋಕಾರ್ಬನ್ ಕಾಲನಿರ್ಣಯಗಳನ್ನು ಸಂಖ್ಯಾಶಾಸ್ತ್ರದ ಹೊಸ ವಿಧಾನದಿಂದ ಮತ್ತೆ ಲೆಕ್ಕ ಹಾಕಿದಾಗ ಚಿತ್ರ ಬದಲಾಯಿತು. ಏವ್‌ಬರಿ ಬಳಿಯ ವೆಸ್ಟ್ ಕೆನೆಟ್ ಸುಮಾರು ಕ್ರಿ.ಪೂ. 3650ರಲ್ಲಿ ಕಟ್ಟಿದ್ದು, ಅಲ್ಲಿನ ಕನಿಷ್ಠ 36 ಜನರ ಮೊದಲ ಹಂತದ ಸಂಸ್ಕಾರ ಒಂದೆರಡು ತಲೆಮಾರಿನೊಳಗೆ ಮುಗಿದಿತ್ತು. ಆಮೇಲೆ ಬಹುಕಾಲ ಕೋಣೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಮಣ್ಣು ತುಂಬಿ, ಕೊನೆಗೆ ಮುಂಭಾಗಕ್ಕೆ ಭಾರಿ ಕಲ್ಲು ನಿಲ್ಲಿಸಿ ಬಾಗಿಲು ಮುಚ್ಚಿದರು.

ಕಾನೂನಿನ ರಕ್ಷಣೆ ಯಾವಾಗಿನಿಂದ?

1882ರಿಂದ. ಜಾನ್ ಲಬಕ್ ಸಂಸತ್ತಿನಲ್ಲಿ ವರ್ಷಗಟ್ಟಲೆ ಹೋರಾಡಿ ತಂದ ಮೊದಲ ಪ್ರಾಚೀನ ಸ್ಮಾರಕ ಕಾಯ್ದೆಯ ಪಟ್ಟಿಯಲ್ಲೇ ವೆಸ್ಟ್ ಕೆನೆಟ್, ವೇಲ್ಯಾಂಡ್ಸ್ ಸ್ಮಿದಿ, ಸ್ಟೋನಿ ಲಿಟಲ್ಟನ್ ಮತ್ತು ಯೂಲಿಯ ದಿಬ್ಬ ಇದ್ದವು. ಈಗ ಇಂಗ್ಲೆಂಡಿನಲ್ಲಿ ನಡೆಯುವುದು 1979ರ ಪ್ರಾಚೀನ ಸ್ಮಾರಕ ಮತ್ತು ಪುರಾತತ್ವ ಪ್ರದೇಶಗಳ ಕಾಯ್ದೆ. ಪಟ್ಟಿಗೆ ಸೇರಿದ ಸ್ಮಾರಕವನ್ನು ‘ಶೆಡ್ಯೂಲ್ಡ್ ಮಾನ್ಯುಮೆಂಟ್’ ಎನ್ನುತ್ತಾರೆ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಸಲಹೆ ಕೊಡುತ್ತದೆ, ಸಂಸ್ಕೃತಿ ಇಲಾಖೆಯ ಸಚಿವರ ಹೆಸರಿನಲ್ಲಿ ತೀರ್ಮಾನ ಆಗುತ್ತದೆ. ವೇಲ್ಸ್ ಮತ್ತು ಸ್ಕಾಟ್ಲೆಂಡಿನ ವ್ಯವಸ್ಥೆ ಬೇರೆ.

ಪಟ್ಟಿಗೆ ಸೇರಿದರೆ ಜಮೀನು ಸರ್ಕಾರದ್ದಾಗುವುದಿಲ್ಲ. ಮಾಲೀಕರು ಮಾಲೀಕರೇ. ಸಾರ್ವಜನಿಕರಿಗೆ ಒಳಗೆ ಹೋಗುವ ಹಕ್ಕೂ ತಾನಾಗಿ ಬರುವುದಿಲ್ಲ. ಬರುವುದು ಒಂದೇ: ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ ಎನ್ನುವ ಕಟ್ಟು.

ಒಂದು ದಿಬ್ಬ ಪಟ್ಟಿಯಲ್ಲಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಹಿಸ್ಟಾರಿಕ್ ಇಂಗ್ಲೆಂಡ್‌ನ ಜಾಲತಾಣದಲ್ಲಿ ರಾಷ್ಟ್ರೀಯ ಪರಂಪರೆ ಪಟ್ಟಿ ಇದೆ. ಊರಿನ ಹೆಸರಿನಿಂದಲೋ ನಕ್ಷೆಯ ಮೇಲೋ ಹುಡುಕಿ. ಪ್ರತಿ ಸ್ಮಾರಕಕ್ಕೂ ಒಂದು ನಮೂದು ಸಂಖ್ಯೆ, ವಿವರಣೆ, ಗಡಿ ಗುರುತಿಸಿದ ನಕ್ಷೆ ಇರುತ್ತದೆ. ಗಡಿಯ ನಕ್ಷೆಯನ್ನು ಇಳಿಸಿಕೊಂಡು ನೋಡುವುದು ಮುಖ್ಯ. ಕಣ್ಣಿಗೆ ಕಾಣುವ ದಿಬ್ಬದ ಅಂಚಿಗೇ ರಕ್ಷಣೆ ಮುಗಿಯಿತು ಎಂದುಕೊಳ್ಳುವುದು ಜನ ಮಾಡುವ ದೊಡ್ಡ ತಪ್ಪು. ಪಕ್ಕದ ಕಂದಕಗಳು ಹೂಳು ತುಂಬಿ ನೆಲಸಮ ಆಗಿರುತ್ತವೆ, ಆದರೂ ಗಡಿಯೊಳಗಿರುತ್ತವೆ. ಅದರಾಚೆ ಇನ್ನೊಂದೆರಡು ಮೀಟರ್ ಅಂಚನ್ನೂ ಸೇರಿಸಿರುವುದುಂಟು.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಕಾಗದದ ನಕ್ಷೆಯಲ್ಲಿ ಪ್ರಾಚೀನ ಅವಶೇಷಗಳ ಹೆಸರನ್ನು ಹಳೆಯ ಶೈಲಿಯ ಅಲಂಕಾರಿಕ ಅಕ್ಷರಗಳಲ್ಲಿ ಬರೆದಿರುತ್ತಾರೆ. ಆದರೆ ನಕ್ಷೆಯಲ್ಲಿ ಇರುವುದೆಲ್ಲ ಪಟ್ಟಿಯಲ್ಲಿರುವುದಿಲ್ಲ, ಪಟ್ಟಿಯಲ್ಲಿರುವುದೆಲ್ಲ ನೆಲದ ಮೇಲೆ ಕಾಣುವುದೂ ಇಲ್ಲ.

ಉತ್ತು ಸಮತಟ್ಟಾದ ಹೊಲದಲ್ಲಿ ದಿಬ್ಬ ಇತ್ತು ಎಂದು ಹೇಗೆ ಗೊತ್ತಾಗುತ್ತದೆ?

ಬೆಳೆಯೇ ಹೇಳುತ್ತದೆ. ಸೀಮೆಸುಣ್ಣದ ನೆಲದಲ್ಲಿ ಕಂದಕ ತೋಡಿದ ಕಡೆ ಮಣ್ಣು ಆಳ, ತೇವ ಹೆಚ್ಚು. ಮಳೆ ಕಡಿಮೆಯಾದ ಬೇಸಿಗೆಯಲ್ಲಿ ಉಳಿದ ಹೊಲ ಒಣಗಿ ಹಳದಿಯಾದಾಗ ಕಂದಕದ ಮೇಲಿನ ಪೈರು ಹಸಿರಾಗಿಯೇ ಇರುತ್ತದೆ. ವಿಮಾನದಿಂದ ನೋಡಿದರೆ ಎರಡು ಉದ್ದ ಹಸಿರು ಪಟ್ಟಿಗಳು ಎದ್ದು ಕಾಣುತ್ತವೆ. ಇನ್ನೂ ಒಂದಿಷ್ಟು ಉಬ್ಬು ಉಳಿದಿದ್ದರೆ ವಿಮಾನದಿಂದ ಲೇಸರ್ ಹಾಯಿಸಿ ಎತ್ತರ ಅಳೆಯುವ ಲೈಡಾರ್ ನಕ್ಷೆಯಲ್ಲಿ ಸಿಗುತ್ತದೆ. ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿಯ ಲೈಡಾರ್ ಮಾಹಿತಿ ಉಚಿತವಾಗಿ ಲಭ್ಯವಿದೆ.

ಯಾವ ಕೆಲಸಕ್ಕೆ ಒಪ್ಪಿಗೆ ಬೇಕು?

ಕೆಡವುವುದು, ಹಾನಿ ಮಾಡುವುದು, ತೆಗೆಯುವುದು, ಬದಲಿಸುವುದು, ಸೇರಿಸುವುದು, ನೀರು ನಿಲ್ಲಿಸುವುದು, ಮಣ್ಣು ಸುರಿಯುವುದು ಎಲ್ಲಕ್ಕೂ. ದುರಸ್ತಿಗೂ ಬೇಕು. ಒಳ್ಳೆಯ ಉದ್ದೇಶದಿಂದ ಕುಸಿದ ಕಲ್ಲನ್ನು ಎತ್ತಿ ಮೊದಲಿನ ಜಾಗದಲ್ಲಿಟ್ಟೆ ಎನ್ನುವವರೂ ಕಾನೂನಿನ ಪ್ರಕಾರ ತಪ್ಪಿತಸ್ಥರೇ. ಆ ಕಲ್ಲು ಬಿದ್ದ ರೀತಿಯಲ್ಲೇ ಪುರಾತತ್ವದವರಿಗೆ ಓದಲು ವಿಷಯವಿತ್ತು.

ಅರ್ಜಿಗೆ ಶುಲ್ಕವಿಲ್ಲ. ಮೊದಲು ಹಿಸ್ಟಾರಿಕ್ ಇಂಗ್ಲೆಂಡ್‌ನ ಆ ಭಾಗದ ಸ್ಮಾರಕ ಇನ್‌ಸ್ಪೆಕ್ಟರ್ ಜೊತೆ ಮಾತಾಡಿ. ಆಮೇಲೆ ನಕ್ಷೆ, ಫೋಟೋ, ಕೆಲಸದ ವಿಧಾನದ ವಿವರ ಸೇರಿಸಿ ಅರ್ಜಿ ಹಾಕಿ. ವಿಧಾನದ ವಿವರದಲ್ಲಿ ಯಾವ ಯಂತ್ರ, ಎಷ್ಟು ಆಳ, ಯಾವ ದಾರಿಯಲ್ಲಿ ಒಳಗೆ ಬರುತ್ತದೆ, ಮಳೆ ಬಂದರೆ ಏನು ಎನ್ನುವಷ್ಟು ಇರಲಿ. ಅರ್ಜಿಗಳು ತಡವಾಗುವುದು ಹೆಚ್ಚಾಗಿ ಈ ವಿವರ ಸಾಲದೆ. ಸಿಕ್ಕ ಒಪ್ಪಿಗೆ ಸಾಮಾನ್ಯವಾಗಿ ಐದು ವರ್ಷ ಊರ್ಜಿತ. ಕೆಲಸ ಮುಗಿದ ಮೇಲೆ ಒಪ್ಪಿಗೆ ಕೇಳಿದರೆ ಕೊಡುವುದಿಲ್ಲ. ಕಟ್ಟಡ ಪರವಾನಗಿ ಇದ್ದರೆ ಸಾಕು ಎಂದುಕೊಳ್ಳಬೇಡಿ, ಅದು ಬೇರೆ, ಇದು ಬೇರೆ.

ಮೊದಲಿಂದ ಉಳುತ್ತಿದ್ದ ಜಮೀನಾದರೆ?

ಇದು ಈ ಕಾನೂನಿನ ಅತ್ಯಂತ ನೋವಿನ ಜಾಗ. 1994ರ ಒಂದು ಆದೇಶದ ಪ್ರಕಾರ, ಹಿಂದಿನ ಆರು ವರ್ಷಗಳೊಳಗೆ ಅದೇ ಜಾಗದಲ್ಲಿ ಕಾನೂನುಬದ್ಧವಾಗಿ ಮಾಡಿದ ಅದೇ ಬಗೆಯ ಬೇಸಾಯದ ಕೆಲಸವನ್ನು ಪ್ರತ್ಯೇಕ ಒಪ್ಪಿಗೆ ಇಲ್ಲದೆ ಮುಂದುವರಿಸಬಹುದು. ಆದರೆ ಹಿಂದೆ ಉತ್ತ ಆಳಕ್ಕಿಂತ ಕೆಳಗೆ ಹೋಗುವಂತಿಲ್ಲ. ಆಳದ ಗಟ್ಟಿಪದರ ಸೀಳುವುದು, ಬಸಿಗಾಲುವೆ ತೋಡುವುದು, ಮರ ನೆಡುವುದು ಅಥವಾ ಬುಡಸಮೇತ ಕೀಳುವುದು, ಮೇಲ್ಮಣ್ಣು ತೆಗೆಯುವುದು, ಹೊಸ ಬೇಲಿ ಹಾಕುವುದು ಈ ವಿನಾಯಿತಿಯಲ್ಲಿ ಬರುವುದಿಲ್ಲ.

‘ಅದೇ ಆಳ’ ಎನ್ನುವುದು ಕಾಗದದ ಮೇಲೆ ಕ್ಷೇಮ, ನೆಲದ ಮೇಲೆ ಅಲ್ಲ. ದಿಬ್ಬ ಇಳಿಜಾರಾದ್ದರಿಂದ ಪ್ರತಿ ಉಳುಮೆಗೂ ಸಡಿಲವಾದ ಮಣ್ಣು ಕೆಳಕ್ಕೆ ಜಾರುತ್ತದೆ. ಮುಂದಿನ ವರ್ಷ ನೇಗಿಲು ಅದೇ 20–25 ಸೆಂಟಿಮೀಟರ್ ಇಳಿದರೂ ದಿಬ್ಬದ ನೆತ್ತಿಯಲ್ಲಿ ಅದು ಮುಟ್ಟುವುದು ಹೊಸ ಪದರವನ್ನು. ಹೀಗೆ ಯಾವ ಅಪರಾಧವೂ ಆಗದೆ ಇಡೀ ದಿಬ್ಬ ಕರಗಿಹೋಗುತ್ತದೆ. ಇದಕ್ಕಿರುವ ಸರಿಯಾದ ಪರಿಹಾರ ಆ ಜಾಗವನ್ನು ಉಳುಮೆಯಿಂದ ಬಿಡಿಸಿ ಹುಲ್ಲಿಗೆ ಬಿಡುವುದು. ಹಾಗೆ ಮಾಡುವ ರೈತರಿಗೆ ಸರ್ಕಾರದ ಪರಿಸರ ಯೋಜನೆಗಳಲ್ಲಿ ಹಣ ಸಿಗುತ್ತದೆ. ಹುಲ್ಲು ಬಿತ್ತುವಾಗಲೂ ಆಳವಾಗಿ ಕೆದಕದೆ ಮೇಲ್ಮೈಯಲ್ಲೇ ಬೀಜ ಕೂರಿಸಬೇಕು. ದಿಬ್ಬದ ಸುತ್ತ ತಿರುಗುವ ಟ್ರ್ಯಾಕ್ಟರಿಗೆ ಸಾಕಷ್ಟು ಅಂಚು ಬಿಡಬೇಕು.

ಹುಲ್ಲು, ಪೊದೆ, ಪ್ರಾಣಿಗಳ ನಿರ್ವಹಣೆ ಹೇಗೆ?

ಕುರಿ ಒಳ್ಳೆಯದು. ದನ ಭಾರ, ಚಳಿಗಾಲದ ಒದ್ದೆ ನೆಲದಲ್ಲಿ ಗೊರಸು ಹುಲ್ಲುಹಾಸನ್ನು ಸೀಳಿ ಕೆಸರು ಮಾಡುತ್ತದೆ. ಮೇವಿನ ಚೌಕಟ್ಟು, ನೀರಿನ ತೊಟ್ಟಿ, ಉಪ್ಪಿನ ಗಡ್ಡೆಯನ್ನು ದಿಬ್ಬದ ಮೇಲಾಗಲಿ ಹತ್ತಿರವಾಗಲಿ ಇಡಬಾರದು. ಪ್ರಾಣಿಗಳು ಗುಂಪುಗೂಡುವುದು ಅಲ್ಲೇ, ನೆಲ ಮೊದಲು ಬಾಯ್ದೆರೆಯುವುದೂ ಅಲ್ಲೇ.

ಪೊದೆ ಬೆಳೆದರೆ ನೆಲಮಟ್ಟಕ್ಕೆ ಕತ್ತರಿಸಿ, ಬೇರನ್ನು ಮಣ್ಣಿನಲ್ಲೇ ಕೊಳೆಯಲು ಬಿಡಬೇಕು. ಸರಪಳಿ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದರೆ ಬೇರಿನ ಜೊತೆ ಒಂದು ಗಾಡಿ ಪುರಾತತ್ವವೂ ಮೇಲೆ ಬರುತ್ತದೆ. ಕತ್ತರಿಸಿದ್ದನ್ನು ದೂರ ಸಾಗಿಸಿ. ದಿಬ್ಬದ ಮೇಲೆ ಸುಡಬೇಡಿ. ದೊಡ್ಡ ಮರ ಇದ್ದರೆ ಬಿರುಗಾಳಿಗೆ ಬುಡಮೇಲಾಗುವ ಮೊದಲೇ ತಜ್ಞರಿಗೆ ತೋರಿಸಿ.

ಬಿಲ ತೋಡುವ ಪ್ರಾಣಿಗಳದ್ದು ಬೇರೆಯೇ ತಲೆನೋವು. ಸಡಿಲ ಮಣ್ಣು, ನೀರು ನಿಲ್ಲದ ಇಳಿಜಾರು, ಮೇಲೆ ಪೊದೆ: ದಿಬ್ಬ ಎಂದರೆ ಮೊಲಕ್ಕೂ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಗೂ ಹೇಳಿ ಮಾಡಿಸಿದ ಮನೆ. ಮೊಲವನ್ನು ತಡೆಯಲು ಹುಲ್ಲಿನ ಮೇಲೆ ತಂತಿಬಲೆ ಹಾಸುತ್ತಾರೆ, ಅದಕ್ಕೂ ಒಪ್ಪಿಗೆ ಬೇಕು. ಬ್ಯಾಜರಿಗೆ 1992ರ ಪ್ರತ್ಯೇಕ ಕಾಯ್ದೆಯ ರಕ್ಷಣೆಯಿದೆ. ಅದರ ಬಿಲಕ್ಕೆ ಕೈಹಾಕಲು ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್‌ನ ಪರವಾನಗಿ, ದಿಬ್ಬಕ್ಕೆ ಕೈಹಾಕಲು ಸ್ಮಾರಕದ ಒಪ್ಪಿಗೆ, ಎರಡೂ ಬೇಕು. ಬಿಲ ಸಣ್ಣದಿರುವಾಗಲೇ ವರದಿ ಮಾಡುವುದು ಜಾಣತನ.

ಕಾಲುದಾರಿಯಿಂದ ಸವೆದು ಗಾಯವಾದ ಜಾಗವನ್ನು ತುಂಬಬಹುದು: ಮೊದಲು ಸವೆದ ಮೇಲ್ಮೈ ಮೇಲೆ ನೀರು ಹಾಯುವ ಬಟ್ಟೆ ಹಾಸಿ, ಮೇಲೆ ಹಳೆಯ ವಸ್ತುಗಳೇನೂ ಬೆರೆಯದ ಶುದ್ಧ ಮಣ್ಣು, ಅದರ ಮೇಲೆ ಹುಲ್ಲಿನ ಹೆಂಟೆ. ನೂರು ವರ್ಷದ ನಂತರ ಅಗೆಯುವವರಿಗೆ ಎಲ್ಲಿಂದ ಮೇಲೆ ನಮ್ಮ ಕಾಲದ್ದು ಎಂದು ಆ ಬಟ್ಟೆಯೇ ಹೇಳುತ್ತದೆ.

ಮೆಟಲ್ ಡಿಟೆಕ್ಟರ್ ಬಳಸಬಹುದೇ?

ಪಟ್ಟಿಯಲ್ಲಿರುವ ಸ್ಮಾರಕದ ಮೇಲೆ ಲಿಖಿತ ಪರವಾನಗಿ ಇಲ್ಲದೆ ಬಳಸುವುದೇ ಅಪರಾಧ. ಮಾಲೀಕರು ಹೂಂ ಅಂದರೂ ಸಾಲದು. ಅಗೆಯದೆ ನೆಲದೊಳಗನ್ನು ಅಳೆಯುವ ಭೂಭೌತಿಕ ಸರ್ವೆಗೂ ಇದೇ ಪರವಾನಗಿ ಬೇಕು. ಇನ್ನು ಮಾನವ ಅವಶೇಷ ತೆಗೆಯುವ ಉತ್ಖನನವಾದರೆ ನ್ಯಾಯ ಇಲಾಖೆಯ ಪರವಾನಗಿಯೂ ಸೇರುತ್ತದೆ.

ಕೋಣೆಯೊಳಗೆ ದೀಪ ಹಚ್ಚಬಹುದೇ? ಹೂವು, ನಾಣ್ಯ ಇಡಬಹುದೇ?

ಭಕ್ತಿಯಿಂದ ಕೇಳುವ ಪ್ರಶ್ನೆ ಇದು. ಆದರೂ ಬೇಡ. ಬಂಡೆಗೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವ ಕೆಲಸವನ್ನು ನಮ್ಮ ಕಡೆ ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ: ಕಾದ ಕಲ್ಲಿನ ಮೇಲ್ಪದರ ಹಿಗ್ಗುತ್ತದೆ, ಒಳಗಿನದು ತಣ್ಣಗೇ ಇರುತ್ತದೆ, ನಡುವೆ ಬಿರುಕು ಬಿಡುತ್ತದೆ. 18ನೇ ಶತಮಾನದಲ್ಲಿ ಏವ್‌ಬರಿಯ ನಿಲುಗಲ್ಲುಗಳನ್ನು ಕಾಯಿಸಿ, ತಣ್ಣೀರು ಸುರಿದು ಒಡೆದದ್ದು ಹೀಗೆಯೇ. ಒಂದು ಸಣ್ಣ ಮೇಣದ ದೀಪವೂ ಕಲ್ಲಿಗೆ ಒರಗಿ ಉರಿದರೆ ಚಕ್ಕೆ ಏಳುತ್ತದೆ, ಮಸಿ ಹಿಡಿಯುತ್ತದೆ, ಮೇಣ ಕಲ್ಲಿನ ರಂಧ್ರಗಳಿಗೆ ಇಳಿಯುತ್ತದೆ. ನಾಣ್ಯವನ್ನು ಬಿರುಕಿಗೆ ತುರುಕಿದರೆ ಅದು ಬೆಣೆಯಾಗುತ್ತದೆ. ವೇಲ್ಯಾಂಡ್ಸ್ ಸ್ಮಿದಿಯಲ್ಲಿ ನಾಣ್ಯ ಇಟ್ಟು ಕುದುರೆ ಬಿಟ್ಟುಹೋದರೆ ಕಾಣದ ಕಮ್ಮಾರ ಲಾಳ ಕಟ್ಟಿರುತ್ತಾನೆ ಎನ್ನುವ ಐತಿಹ್ಯವಿದೆ. ಐತಿಹ್ಯವನ್ನು ಹೇಳಿಕೊಂಡರೆ ಸಾಕು. ಚಿತಾಭಸ್ಮ ಹೂಳಲು ಅಗೆಯುವುದಂತೂ ನೇರ ಅಪರಾಧ. ಅಂಥ ಆಸೆಯಿರುವವರಿಗೆ ವಿಲ್ಟ್‌ಶೈರಿನ ಆಲ್ ಕ್ಯಾನಿಂಗ್ಸ್‌ನಲ್ಲಿ 2014ರಲ್ಲಿ ಹೊಸದಾಗಿಯೇ ಒಂದು ಲಾಂಗ್ ಬ್ಯಾರೋ ಕಟ್ಟಿದ್ದಾರೆ, ಗೂಡುಗಳಲ್ಲಿ ಭಸ್ಮದ ಕರಂಡಕ ಇಡುವುದಕ್ಕೆಂದೇ.

ಮೊದಲ ಸಲ ನೋಡಲು ಎಲ್ಲಿಗೆ ಹೋಗಬೇಕು?

ವೆಸ್ಟ್ ಕೆನೆಟ್. ಎ4 ರಸ್ತೆಯ ಬದಿಯಿಂದ ಹೊಲದ ನಡುವಿನ ಏರುದಾರಿಯಲ್ಲಿ ಸುಮಾರು ಮುಕ್ಕಾಲು ಕಿಲೋಮೀಟರ್ ನಡಿಗೆ, ಪ್ರವೇಶ ಉಚಿತ. ಐದು ಕೋಣೆಗಳೂ ಪೂರ್ವದ ತುದಿಯ ಸುಮಾರು 12 ಮೀಟರಿನಲ್ಲೇ ಮುಗಿಯುತ್ತವೆ, ದಿಬ್ಬ ಮಾತ್ರ 100 ಮೀಟರ್ ಚಾಚಿಕೊಂಡಿದೆ. ಹೆಚ್ಚಿನವರು ಕೋಣೆ ನೋಡಿ ಹಿಂದಿರುಗುತ್ತಾರೆ. ಪಕ್ಕದಲ್ಲಿ ಪಶ್ಚಿಮದ ತುದಿಯವರೆಗೂ ನಡೆದು ನೋಡಿ, ಆಗಲೇ ಇದರ ಅಳತೆ ತಲೆಗೆ ಇಳಿಯುವುದು. ಒಳಗೆ ಬೆಳಕು ಬೀಳುವ ಗಾಜಿನ ಕಿಂಡಿ 1950ರ ದಶಕದ ದುರಸ್ತಿಯದು.

ವಿಂಚ್‌ಕೂಮ್ ಬಳಿಯ ಬೆಲಾಸ್ ನ್ಯಾಪ್‌ನಲ್ಲಿ ಮುಂದೆ ಭವ್ಯವಾದ ಬಾಗಿಲಿದೆ, ಆದರೆ ಅದು ಹುಸಿಬಾಗಿಲು. ಕೋಣೆಗಳ ದಾರಿ ಬೇರೆ ಕಡೆ. ಅಲ್ಲಿನ ಗೋಡೆಗಳಲ್ಲಿ 1928–30ರ ಮರುಕಟ್ಟಡವೂ ಸೇರಿದೆ. ಸಾಮರ್‌ಸೆಟ್‌ನ ಸ್ಟೋನಿ ಲಿಟಲ್ಟನ್‌ನಲ್ಲಿ ಬಾಗಿಲ ಪಕ್ಕದ ಕಲ್ಲಿನ ಮೇಲೆ ಅಮ್ಮೊನೈಟ್ ಎಂಬ ಸುರುಳಿ ಜೀವಿಯ ಅಚ್ಚು ಕಾಣುತ್ತದೆ. ಒಳಗೆ ಬಗ್ಗಿಯೇ ಹೋಗಬೇಕು, ಟಾರ್ಚ್ ಬೇಕು, ಮಳೆಗಾಲದಲ್ಲಿ ಕೆಸರು ಇರುತ್ತದೆ. ದಿಬ್ಬದ ಮೇಲೆ ಹತ್ತಬೇಡಿ. ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆ ನೋಡಿಕೊಳ್ಳುವ ಜಾಗಗಳಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಸಿಕ್ಕ ವಸ್ತುಗಳು ಸ್ಮಾರಕದಲ್ಲಿಲ್ಲ. ವೆಸ್ಟ್ ಕೆನೆಟ್‌ನವು ಡಿವೈಜಸ್ ಪಟ್ಟಣದ ವಿಲ್ಟ್‌ಶೈರ್ ಮ್ಯೂಸಿಯಮ್ಮಿನಲ್ಲಿವೆ.

ಕರ್ನಾಟಕದಲ್ಲಿ ಪಾಂಡವರ ಮನೆ, ಮೋರ್ಯರ ಮನೆ ಎಂದು ಕರೆಯುವ ಕಲ್ಲಿನ ಸಮಾಧಿಗಳಿಗೂ ಇವಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಮನೆಗಳು ಬಹುಮಟ್ಟಿಗೆ ಕಬ್ಬಿಣಯುಗದವು. ಲಾಂಗ್ ಬ್ಯಾರೋಗಳಿಗಿಂತ ಎರಡೂವರೆ ಸಾವಿರ ವರ್ಷಕ್ಕೂ ಹೆಚ್ಚು ಈಚಿನವು. ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದರೆ ಎಲ್ಲಿ ಕಟ್ಟಿದರೂ ಒಂದೇ ರೀತಿ ಕಾಣುತ್ತದೆ. 19ನೇ ಶತಮಾನದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ರಾಜನಕೋಳೂರು, ಜೇವರ್ಗಿ ಸುತ್ತಲಿನ ಸಮಾಧಿಗಳನ್ನು ಅಳೆದು, ಅಗೆದು, ಬ್ರಿಟನ್ನಿನ ಸಮಾಧಿಗಳ ಜೊತೆ ಹೋಲಿಸಿ ಒಂದೇ ಜನಾಂಗದ ಕೈಕೆಲಸವೆಂದು ಊಹಿಸಿದ. ಅವನ ಊಹೆ ನಿಲ್ಲಲಿಲ್ಲ, ಅಳತೆ ಮತ್ತು ಚಿತ್ರಗಳು ಇಂದಿಗೂ ಬೆಲೆಯುಳ್ಳವು.

ಕಾನೂನಿನಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಭಾರತದಲ್ಲಿ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇಂಗ್ಲೆಂಡಿನಲ್ಲಿ ಇಂಥ ನಿಗದಿತ ವರ್ತುಲವಿಲ್ಲ. ಗಡಿಯ ಹೊರಗಿನ ಕಟ್ಟಡ ಸ್ಮಾರಕದ ಸುತ್ತಲಿನ ನೋಟವನ್ನು ಕೆಡಿಸುತ್ತದೆಯೇ ಎಂದು ಪರವಾನಗಿ ಕೊಡುವಾಗ ಒಂದೊಂದಾಗಿ ತೂಗಿ ನೋಡುತ್ತಾರೆ.

ಹಾನಿ ಕಂಡರೆ ಏನು ಮಾಡಬೇಕು?

ಕಣ್ಣೆದುರೇ ನಡೆಯುತ್ತಿದ್ದರೆ 999ಕ್ಕೆ, ಆಗಿಹೋಗಿದ್ದರೆ 101ಕ್ಕೆ ಪೊಲೀಸರಿಗೆ ಕರೆ ಮಾಡಿ, ಪರಂಪರೆಗೆ ಸಂಬಂಧಿಸಿದ ಅಪರಾಧ ಎಂದು ಮೊದಲೇ ಹೇಳಿ. ಪಟ್ಟಿಯ ನಮೂದು ಸಂಖ್ಯೆ ಗೊತ್ತಿದ್ದರೆ ಕೊಡಿ, ಇಲ್ಲದಿದ್ದರೆ ನಕ್ಷೆಯ ಗ್ರಿಡ್ ಸಂಖ್ಯೆ. ಗುಂಡಿಯ ಪಕ್ಕ ಒಂದು ಪೆನ್ನೋ ನೀರಿನ ಬಾಟಲಿಯೋ ಇಟ್ಟು ಅಳತೆ ತಿಳಿಯುವಂತೆ ಫೋಟೋ ತೆಗೆಯಿರಿ, ಆಮೇಲೆ ದೂರದಿಂದ ಇಡೀ ದಿಬ್ಬ ಕಾಣುವಂತೆ ಇನ್ನೊಂದು. ಹಿಸ್ಟಾರಿಕ್ ಇಂಗ್ಲೆಂಡ್‌ಗೂ ತಿಳಿಸಿ. ಹೊರಗೆ ಬಿದ್ದ ಎಲುಬು, ಮಡಕೆ ಚೂರು, ಚಕಮಕಿ ಕಲ್ಲನ್ನು ಎತ್ತಿಡಬೇಡಿ. ಗುಂಡಿಯನ್ನೂ ಮುಚ್ಚಬೇಡಿ, ಸೀಳಿದ ಅಂಚಿನಲ್ಲಿ ಪದರಗಳು ಕಾಣುತ್ತಿರುತ್ತವೆ, ಇನ್‌ಸ್ಪೆಕ್ಟರ್ ಬಂದು ಅದನ್ನು ದಾಖಲಿಸುವವರೆಗೆ ಅದು ಹಾಗೆಯೇ ಇರಬೇಕು.